ವಕಾಲತ್ತು ಬಿಟ್ಟವರ ಹಿರಿತನ

ಕಬ್ಬನ್ ಉದ್ಯಾನದ ಅಂಚಿನಲ್ಲಿ, ವಿಧಾನಸೌಧಕ್ಕೆ ಎದುರಾಗಿ ನಿಂತಿರುವ ಕೆಂಪು ಬಣ್ಣದ ಅಠಾರಾ ಕಚೇರಿಯಲ್ಲಿ ಕರ್ನಾಟಕ ಹೈಕೋರ್ಟಿನ ಕಲಾಪ ನಡೆಯುತ್ತದೆ. ಅಲ್ಲಿ ವಾದ ಮಂಡಿಸುವ ವಕೀಲರನ್ನು 1961ರ ವಕೀಲರ ಅಧಿನಿಯಮವು ಹಿರಿಯ ವಕೀಲರು ಮತ್ತು ಇತರ ವಕೀಲರು ಎಂದು ಎರಡೇ ವರ್ಗಗಳಲ್ಲಿ ಇರಿಸಿದೆ. ಈ ‘ಹಿರಿಯ’ ಎಂಬ ಮಾತು ವಯಸ್ಸನ್ನಾಗಲಿ, ಬರಿಯ ಅನುಭವದ ವರ್ಷಗಳನ್ನಾಗಲಿ ಸೂಚಿಸುವುದಿಲ್ಲ. ನಲವತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದವರೂ ಕಾನೂನಿನ ದೃಷ್ಟಿಯಲ್ಲಿ ಇತರ ವಕೀಲರಾಗಿಯೇ ಉಳಿಯಬಹುದು, ಅವರಿಗಿಂತ ಕಿರಿಯರಾದವರು ಹಿರಿಯ ವಕೀಲರಾಗಿರಬಹುದು. ಸುಪ್ರೀಂ ಕೋರ್ಟು ಅಥವಾ ಹೈಕೋರ್ಟು ಒಬ್ಬ ವಕೀಲರ ಸಾಮರ್ಥ್ಯವನ್ನೋ ವಕೀಲ ಸಮುದಾಯದಲ್ಲಿ ಅವರಿಗಿರುವ ಸ್ಥಾನಮಾನವನ್ನೋ ಕಾನೂನಿನಲ್ಲಿ ಅವರಿಗಿರುವ ವಿಶೇಷ ಜ್ಞಾನ ಅಥವಾ ಅನುಭವವನ್ನೋ ಮೆಚ್ಚಿ, ಅವರ ಒಪ್ಪಿಗೆಯ ಮೇರೆಗೆ ನೀಡುವ ಮನ್ನಣೆ ಇದು. ಈ ಮನ್ನಣೆ ಪಡೆದವರನ್ನು ಪತ್ರಿಕೆಗಳ ಭಾಷೆಯಲ್ಲಿ ‘ಪದಾಂಕಿತ ಹಿರಿಯ ವಕೀಲರು’ ಎಂದೂ ಕೋರ್ಟಿನ ಆವರಣದ ಮಾತಿನಲ್ಲಿ ಸರಳವಾಗಿ ‘ಸೀನಿಯರ್’ ಎಂದೂ ಕರೆಯಲಾಗುತ್ತದೆ.

ಸಾಮಾನ್ಯವಾಗಿ ಯಾವುದೇ ಬಿರುದು ಪಡೆದವರಿಗೆ ಹೊಸ ಅಧಿಕಾರಗಳು ಸೇರುತ್ತವೆ. ಈ ಮನ್ನಣೆಯ ಸ್ವರೂಪ ಬಹುಮಟ್ಟಿಗೆ ಅದಕ್ಕೆ ವಿರುದ್ಧವಾದುದು. ಹಿರಿಯ ವಕೀಲರೆನಿಸಿಕೊಂಡವರು ವಕಾಲತ್ತು ಹಾಕುವಂತಿಲ್ಲ, ದಾವೆಯ ಕಾಗದಗಳನ್ನು ತಾವೇ ಬರೆದುಕೊಡುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಪ್ರಕರಣ ವಹಿಸಿಕೊಳ್ಳುವಂತಿಲ್ಲ. ಇಷ್ಟೆಲ್ಲವನ್ನೂ ಬಿಟ್ಟುಕೊಟ್ಟ ಮೇಲೆ ಅವರಿಗೆ ಉಳಿಯುವುದು ನ್ಯಾಯಪೀಠದ ಮುಂದೆ ನಿಂತು ವಾದಿಸುವ ಕೆಲಸ, ಅದರಲ್ಲಿಯೂ ಮುಖ್ಯವಾಗಿ ಮೇಲ್ಮನವಿಗಳ ವಾದ. ಮೇಲ್ಮನವಿ ಎಂಬ ಕಸುಬಿನ ತಿರುಳೂ ಬಹುಪಾಲು ಬಿಡುವುದರಲ್ಲಿಯೇ ಇದೆ ಎಂಬುದನ್ನು ಗಮನಿಸಿದರೆ, ಈ ಮನ್ನಣೆಗೂ ಆ ಕಸುಬಿಗೂ ಇರುವ ನಂಟು ತಿಳಿಯುತ್ತದೆ.

ಉತ್ತರ ಬೆಂಗಳೂರಿನಿಂದ ಮೇಲೇರುವ ದಾರಿ

ಕೆಳಗಿನ ನ್ಯಾಯಾಲಯದ ತೀರ್ಪಿನಿಂದ ನೊಂದ ಪಕ್ಷವು ಅದನ್ನು ಮರುಪರಿಶೀಲಿಸುವಂತೆ ಮೇಲಿನ ನ್ಯಾಯಾಲಯವನ್ನು ಕೇಳಿಕೊಳ್ಳುವುದೇ ಮೇಲ್ಮನವಿ. ಅಲ್ಲಿ ಸಾಧಾರಣವಾಗಿ ಹೊಸ ಸಾಕ್ಷಿಗಳು ಕಟಕಟೆ ಹತ್ತುವುದಿಲ್ಲ. ಕೆಳಗೆ ದಾಖಲಾದ ಹೇಳಿಕೆಗಳು, ಗುರುತು ಹಾಕಿದ ದಾಖಲೆಗಳು ಮತ್ತು ನೀಡಲಾದ ತೀರ್ಪು, ಇಷ್ಟರ ಮೇಲೆಯೇ ವಾದ ನಡೆಯುತ್ತದೆ. ಹೆಬ್ಬಾಳ, ಆರ್.ಟಿ. ನಗರ ಅಥವಾ ಯಶವಂತಪುರದ ಒಂದು ನಿವೇಶನದ ಕುರಿತ ವ್ಯಾಜ್ಯವನ್ನು ತೆಗೆದುಕೊಂಡರೆ, 1979ರ ಬೆಂಗಳೂರು ನಗರ ಸಿವಿಲ್ ನ್ಯಾಯಾಲಯ ಅಧಿನಿಯಮದ ಪ್ರಕಾರ ಅದರ ಬೆಲೆ ಎಷ್ಟೇ ಇದ್ದರೂ ದಾವೆ ನಗರ ಸಿವಿಲ್ ನ್ಯಾಯಾಲಯದಲ್ಲಿ ವಿಚಾರಣೆಗೊಳ್ಳುತ್ತದೆ ಮತ್ತು ಅಲ್ಲಿನ ಡಿಕ್ರಿಯ ವಿರುದ್ಧ ಮೊದಲ ಮೇಲ್ಮನವಿ ನೇರವಾಗಿ ಹೈಕೋರ್ಟಿಗೇ ಹೋಗುತ್ತದೆ. ಕಾಲಮಿತಿ ಅಧಿನಿಯಮವು ಇದಕ್ಕೆ 90 ದಿನಗಳ ಅವಧಿ ಕೊಟ್ಟಿದೆ. ರಾಜ್ಯದ ಇತರ ಊರುಗಳಲ್ಲಿಯಾದರೆ ಕಿರಿಯ ಸಿವಿಲ್ ನ್ಯಾಯಾಧೀಶರ ತೀರ್ಪಿನ ಮೇಲೆ ಮೊದಲ ಮೇಲ್ಮನವಿ ಅಲ್ಲಿಯೇ ಮೇಲಿನ ನ್ಯಾಯಾಲಯದಲ್ಲಿ ನಡೆದು, ಎರಡನೆಯ ಮೇಲ್ಮನವಿ ಮಾತ್ರ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠವನ್ನು ಮುಟ್ಟುತ್ತದೆ.

ಈ ಎರಡು ಮೇಲ್ಮನವಿಗಳ ನಡುವಿನ ವ್ಯತ್ಯಾಸ ಬಹಳ ದೊಡ್ಡದು. ಮೊದಲ ಮೇಲ್ಮನವಿಯಲ್ಲಿ ನ್ಯಾಯಾಲಯವು ವಾಸ್ತವಾಂಶಗಳನ್ನೂ ಕಾನೂನನ್ನೂ ಮೊದಲಿನಿಂದ ಪರಿಶೀಲಿಸಬಲ್ಲದು, ಸಾಕ್ಷ್ಯವನ್ನು ತಾನೇ ಅಳೆದು ಬೇರೆ ನಿರ್ಣಯಕ್ಕೆ ಬರಬಲ್ಲದು. ಎರಡನೆಯ ಮೇಲ್ಮನವಿಯಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೆಯ ಕಲಮಿಗೆ 1976ರಲ್ಲಿ ಮಾಡಿದ ತಿದ್ದುಪಡಿಯ ನಂತರ, ಪ್ರಕರಣದಲ್ಲಿ ‘ಕಾನೂನಿನ ಮಹತ್ವದ ಪ್ರಶ್ನೆ’ಯೊಂದು ಅಡಗಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಿ, ಆ ಪ್ರಶ್ನೆಯನ್ನು ಅದು ಮೊದಲು ಅಕ್ಷರರೂಪದಲ್ಲಿ ಬರೆದಿಟ್ಟ ಹೊರತು ವಿಚಾರಣೆಯೇ ನಡೆಯುವುದಿಲ್ಲ. ಸರ್ಕಾರದ ಅಥವಾ ಪ್ರಾಧಿಕಾರಗಳ ಆದೇಶವನ್ನು ಪ್ರಶ್ನಿಸುವ ರಿಟ್ ಅರ್ಜಿಗಳ ದಾರಿ ಇನ್ನೊಂದು ಬಗೆಯದು. ಅವು ಮೊದಲು ಒಬ್ಬರೇ ನ್ಯಾಯಮೂರ್ತಿ ಇರುವ ಏಕಸದಸ್ಯ ಪೀಠದ ಮುಂದೆ ಬರುತ್ತವೆ, ಅಲ್ಲಿನ ತೀರ್ಪಿನ ಮೇಲೆ ಅದೇ ಹೈಕೋರ್ಟಿನೊಳಗೆ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಸಲ್ಲುತ್ತದೆ.

ಈ ಏಣಿಯ ಒಂದೊಂದು ಮೆಟ್ಟಿಲೂ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಉತ್ತರ ಬೆಂಗಳೂರಿನ ಅರ್ಕಾವತಿ ಬಡಾವಣೆಯ ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಜಕ್ಕೂರು, ಸಂಪಿಗೆಹಳ್ಳಿ, ರಾಚೇನಹಳ್ಳಿ, ಥಣಿಸಂದ್ರ, ಅಮೃತಹಳ್ಳಿ, ನಾಗವಾರ, ಹೆಣ್ಣೂರು, ಹೆಬ್ಬಾಳ ಮುಂತಾದ 16 ಗ್ರಾಮಗಳ ಸುಮಾರು 3,339 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಾಥಮಿಕ ಅಧಿಸೂಚನೆಯನ್ನು 2003ರ ಫೆಬ್ರವರಿ 3ರಂದು ಹೊರಡಿಸಿ, 2004ರ ಫೆಬ್ರವರಿ 23ರಂದು 2,750 ಎಕರೆಗೆ ಅಂತಿಮ ಅಧಿಸೂಚನೆ ಹೊರಡಿಸಿತು. ಭೂಮಾಲೀಕರ ರಿಟ್ ಅರ್ಜಿಗಳ ಮೇಲೆ ಹೈಕೋರ್ಟಿನ ಏಕಸದಸ್ಯ ಪೀಠ 2005ರ ಏಪ್ರಿಲ್ 15ರಂದು ಸ್ವಾಧೀನವನ್ನು ರದ್ದುಪಡಿಸಿತು. ಅದೇ ವರ್ಷದ ನವೆಂಬರ್ 25ರಂದು ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿ, ಷರತ್ತುಗಳೊಂದಿಗೆ ಸ್ವಾಧೀನವನ್ನು ಎತ್ತಿಹಿಡಿಯಿತು. 2010ರ ಮೇ 5ರಂದು ಸುಪ್ರೀಂ ಕೋರ್ಟು ಯೋಜನೆಯನ್ನು ಉಳಿಸಿ, ಭೂಮಾಲೀಕರ ಕೆಲವು ಅಹವಾಲುಗಳಿಗೆ ದಾರಿ ಮಾಡಿಕೊಟ್ಟಿತು. ಸುಪ್ರೀಂ ಕೋರ್ಟಿನ ತೀರ್ಪನ್ನು ಬರೆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿಯೇ ನ್ಯಾಯಮೂರ್ತಿಗಳಾಗಿದ್ದವರು.

ಇಷ್ಟು ದೊಡ್ಡ ಪ್ರಕರಣ ಮೇಲಕ್ಕೆ ಏರಿದಂತೆ ವಿವಾದದ ಹರವು ಕಿರಿದಾಗುತ್ತ ಹೋದದ್ದು ಗಮನಾರ್ಹ. ತೋಟ, ಮನೆ, ನರ್ಸರಿ, ಕಾರ್ಖಾನೆ ಎಂದು ಒಬ್ಬೊಬ್ಬ ರೈತನಿಗೂ ಒಂದೊಂದು ಕಥೆಯಿತ್ತು. ಆದರೆ ಮೇಲಿನ ನ್ಯಾಯಾಲಯದಲ್ಲಿ ನಿಂತದ್ದು ಎಲ್ಲರಿಗೂ ಸಮಾನವಾಗಿ ತಗಲುವ ಕೆಲವೇ ಪ್ರಶ್ನೆಗಳು. ನಗರಾಡಳಿತಕ್ಕೆ ಸಂವಿಧಾನದಲ್ಲಿ ಪ್ರತ್ಯೇಕ ಭಾಗವನ್ನೇ ಸೇರಿಸಿದ 74ನೆಯ ತಿದ್ದುಪಡಿಯ ಬಳಿಕವೂ ಪ್ರಾಧಿಕಾರದ ಅಧಿನಿಯಮ ಊರ್ಜಿತವಾಗಿ ಉಳಿಯುತ್ತದೆಯೇ ಎಂಬುದು ಅವುಗಳಲ್ಲಿ ಒಂದು. ಪಕ್ಕದ ಜಮೀನನ್ನು ಕೈಬಿಟ್ಟು, ಅದೇ ಬಗೆಯ ತನ್ನ ಜಮೀನನ್ನು ಮಾತ್ರ ಸ್ವಾಧೀನಕ್ಕೆ ಸೇರಿಸಿದ್ದು ತಾರತಮ್ಯವಲ್ಲವೇ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಯಲ್ಲಿ ಭೂಮಾಲೀಕರು ಸೋತರು. ಎರಡನೆಯದರಲ್ಲಿ, ಹಸಿರು ವಲಯ, ಪೂರ್ಣವಾಗಿ ಕಟ್ಟಡಗಳಿರುವ ಜಾಗ, ನರ್ಸರಿ, ಕಾರ್ಖಾನೆ, ಕೈಬಿಟ್ಟ ಜಮೀನಿನಂಥದೇ ನೆರೆಯ ಜಮೀನು ಎಂಬ ವರ್ಗಗಳಲ್ಲಿ ಬರುವವರ ಕೋರಿಕೆಯನ್ನು ಪ್ರಾಧಿಕಾರ ಮರುಪರಿಶೀಲಿಸಬೇಕಾಯಿತು. ಸಾವಿರಾರು ಪುಟಗಳ ಅಹವಾಲಿನಿಂದ ಈ ಒಂದೆರಡು ಎಳೆಗಳನ್ನು ಬಿಡಿಸಿ ತೆಗೆಯುವುದೇ ಮೇಲ್ಮನವಿ ವಕೀಲರ ಕೆಲಸ.

ಕಡತದೊಳಗೆ

ವಿಚಾರಣಾ ನ್ಯಾಯಾಲಯದ ವಕೀಲರು ಸಾಕ್ಷಿಯ ಮುಖ ನೋಡಿ ಪಾಟೀ ಸವಾಲು ಹಾಕುತ್ತಾರೆ. ಮೇಲ್ಮನವಿಯ ವಕೀಲರ ಮುಂದಿರುವುದು ಕಾಗದ ಮಾತ್ರ. ಬೆಂಗಳೂರು ಉತ್ತರ ತಾಲ್ಲೂಕಿನ ಒಂದು ಕುಟುಂಬದ ವಿಭಾಗ ದಾವೆಯ ಕಡತವನ್ನು ಕಲ್ಪಿಸಿಕೊಂಡರೆ, ಅದರಲ್ಲಿ ದಾವಾಪತ್ರ, ಪ್ರತಿಹೇಳಿಕೆ, ವಂಶವೃಕ್ಷ, ಪಹಣಿಗಳು, ಮ್ಯುಟೇಶನ್ ನಕಲುಗಳು, ‘ನಿ.ಪಿ.1’, ‘ನಿ.ಡಿ.1’ ಎಂದು ವಾದಿ ಮತ್ತು ಪ್ರತಿವಾದಿಯ ಕಡೆಯಿಂದ ಗುರುತು ಹಾಕಿದ ದಾಖಲೆಗಳು, ಕನ್ನಡದಲ್ಲಿ ಬರೆದುಕೊಂಡ ಸಾಕ್ಷಿಗಳ ಹೇಳಿಕೆಗಳು ಮತ್ತು ಕೊನೆಗೆ ತೀರ್ಪು ಇರುತ್ತವೆ. ಈ ಕಟ್ಟಿನೊಳಗೆ, ‘ಜಮೀನನ್ನು ತಂದೆಯವರು ಸ್ವಂತ ದುಡಿಮೆಯಿಂದ ಕೊಂಡದ್ದು ಎಂದರೆ ಸರಿ’ ಎಂದು ವಾದಿಯೇ ಪಾಟೀ ಸವಾಲಿನಲ್ಲಿ ಒಪ್ಪಿಕೊಂಡ ಒಂದು ಸಾಲು ಎಲ್ಲೋ ನಡುಪುಟದಲ್ಲಿ ಅಡಗಿರಬಹುದು ಮತ್ತು ಕೆಳಗಿನ ನ್ಯಾಯಾಲಯ ಅದನ್ನು ಗಮನಿಸದೆ ಆಸ್ತಿ ಪಿತ್ರಾರ್ಜಿತವೆಂದು ತೀರ್ಮಾನಿಸಿರಬಹುದು. ಮೇಲ್ಮನವಿಯ ಭವಿಷ್ಯ ನಿಂತಿರುವುದು ಆ ಸಾಲನ್ನು ಹುಡುಕಿ, ಅದರ ಪಕ್ಕದಲ್ಲಿ ಚೀಟಿ ಅಂಟಿಸಿ, ಪೀಠದ ಗಮನವನ್ನು ಮೊದಲ ಐದು ನಿಮಿಷಗಳಲ್ಲಿ ಅಲ್ಲಿಗೆ ತರುವ ಜಾಣ್ಮೆಯ ಮೇಲೆ. ಮೇಲ್ಮನವಿ ಪತ್ರದಲ್ಲಿ ಇಪ್ಪತ್ತು ಆಕ್ಷೇಪಗಳನ್ನು ಎತ್ತಿದ್ದರೂ ನುರಿತವರು ವಾದದಲ್ಲಿ ಎರಡು ಮೂರನ್ನು ಮಾತ್ರ ಉಳಿಸಿಕೊಳ್ಳುವುದುಂಟು, ಏಕೆಂದರೆ ದುರ್ಬಲವಾದ ಆಕ್ಷೇಪವೊಂದು ಬಲವಾದ ಆಕ್ಷೇಪದ ಮೇಲಿನ ನಂಬಿಕೆಯನ್ನೂ ತಗ್ಗಿಸಬಲ್ಲದು.

ಇಲ್ಲಿ ಭಾಷೆಯದೂ ಒಂದು ತೊಡಕಿದೆ. ಸಂವಿಧಾನದ 348ನೆಯ ವಿಧಿಯಂತೆ ಹೈಕೋರ್ಟಿನ ಕಲಾಪದ ಭಾಷೆ ಇಂಗ್ಲಿಷ್. ವಿಚಾರಣಾ ನ್ಯಾಯಾಲಯದ ಸಾಕ್ಷ್ಯವಾದರೋ ಬಹುಮಟ್ಟಿಗೆ ಕನ್ನಡದಲ್ಲಿರುತ್ತದೆ. ‘ಅನುಭವದಲ್ಲಿದೆ’ ಎಂಬ ಮಾತು ಜಮೀನಿನ ಸ್ವಾಧೀನವನ್ನು ಹೇಳುತ್ತದೆಯೋ, ಬೆಳೆ ಉಣ್ಣುವ ಹಕ್ಕನ್ನು ಮಾತ್ರ ಹೇಳುತ್ತದೆಯೋ ಎಂಬಂಥ ಸೂಕ್ಷ್ಮಗಳು ಭಾಷಾಂತರದಲ್ಲಿ ಜಾರಿಹೋಗುವ ಅಪಾಯವಿರುವುದರಿಂದ, ಮೂಲ ಕನ್ನಡವನ್ನು ಓದಿ ಅದರ ತೂಕವನ್ನು ಇಂಗ್ಲಿಷಿನಲ್ಲಿ ಇಳಿಸಬಲ್ಲ ವಕೀಲರಿಗೆ ಕರ್ನಾಟಕದ ಮೇಲ್ಮನವಿ ನ್ಯಾಯಾಲಯದಲ್ಲಿ ವಿಶೇಷ ಬೆಲೆ ಇದೆ.

ಒಂದು ಕುಟುಂಬದ ಜಗಳ ದೇಶದ ಕಾನೂನಾಗಿ ಬೆಳೆಯುವುದೂ ಇದೇ ಏಣಿಯ ಮೇಲೆಯೇ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಡುವಂತೆ ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರ ಕೇಂದ್ರ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಿತ್ತೇ ಎಂಬ ಪ್ರಶ್ನೆ ವಿಮಾನ ನಿಲ್ದಾಣ ಬಂದ ಬಳಿಕ ಜಮೀನಿನ ಬೆಲೆ ಏರಿದ ಯಲಹಂಕದಂಥ ಹೋಬಳಿಗಳ ಎಷ್ಟೋ ಮನೆಗಳಿಗೆ ಜೀವಂತವಾದ ಪ್ರಶ್ನೆ. ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ‘ಬದುಕಿರಬೇಕಿತ್ತು’ ಎಂದಿತು. ಕರ್ನಾಟಕದಿಂದಲೇ ಹೋದ ಇನ್ನೊಂದರಲ್ಲಿ 2018ರಲ್ಲಿ ತಂದೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಪಾಲು ಕೊಟ್ಟಿತು. ಈ ಗೊಂದಲವನ್ನು ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ಬಗೆಹರಿಸಿ, ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, ಆದ್ದರಿಂದ ತಿದ್ದುಪಡಿಯ ದಿನ ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು ನಿರ್ಧರಿಸಿತು.

ಗೌನು ಕೊಡುವುದು, ಗೌನು ಕಸಿಯುವುದು

ಹಿರಿಯ ವಕೀಲರಿಗೆ ಸಿಗುವ ಗೋಚರ ಲಾಭಗಳು ಎರಡು. ಅವರು ತೊಡುವ ಗೌನಿನ ಹೊಲಿಗೆ ಬೇರೆ. ಮತ್ತು ವಕೀಲರ ಅಧಿನಿಯಮದ 23ನೆಯ ಕಲಮಿನಂತೆ, ಅಟಾರ್ನಿ ಜನರಲ್, ಸಾಲಿಸಿಟರ್ ಜನರಲ್, ರಾಜ್ಯಗಳ ಅಡ್ವೊಕೇಟ್ ಜನರಲ್ ಮುಂತಾದ ಕಾನೂನು ಅಧಿಕಾರಿಗಳ ನಂತರ, ಇತರ ವಕೀಲರಿಗಿಂತ ಮೊದಲು ಮಾತನಾಡುವ ಹಕ್ಕು ಅವರದು. ಈ ಅಗ್ರಶ್ರವಣದ ಹಕ್ಕು ಕಾಗದದ ಮೇಲೆ ಸಣ್ಣದೆನಿಸಿದರೂ, ಬೆಳಗಿನ ಹೊತ್ತಿನಲ್ಲಿ ತುರ್ತು ತಡೆಯಾಜ್ಞೆ ಬೇಡುವವರು ಪೀಠದ ಮುಂದೆ ಕಿಕ್ಕಿರಿದು ನಿಂತಿರುವಾಗ ಅದರ ಬೆಲೆ ಏನೆಂಬುದು ಕೋರ್ಟು ಕಂಡವರಿಗೆಲ್ಲ ಗೊತ್ತು.

ಇದಕ್ಕೆ ತೆರಬೇಕಾದ ಬೆಲೆಯನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಹೇಳುತ್ತವೆ. ವಕಾಲತ್ತು ಎಂದರೆ ಕಕ್ಷಿದಾರನು ತನ್ನ ಪರವಾಗಿ ನಡೆದುಕೊಳ್ಳಲು ವಕೀಲರಿಗೆ ಕೊಡುವ ಅಧಿಕಾರಪತ್ರ. ಅದನ್ನು ಹಿರಿಯ ವಕೀಲರು ಸಲ್ಲಿಸುವಂತಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್ ಎಂಬ ನೋಂದಾಯಿತ ವಕೀಲರೊಬ್ಬರು, ಇತರ ನ್ಯಾಯಾಲಯಗಳಲ್ಲಿ ಸಾಮಾನ್ಯ ವಕೀಲರೊಬ್ಬರು ಜೊತೆಗಿಲ್ಲದೆ ಅವರು ಹಾಜರಾಗುವಂತಿಲ್ಲ. ದಾವಾಪತ್ರ, ಪ್ರಮಾಣಪತ್ರ, ಕ್ರಯಪತ್ರಗಳ ಕರಡು ಬರೆಯುವ ಕೆಲಸವನ್ನು ಒಪ್ಪಿಕೊಳ್ಳುವಂತಿಲ್ಲ, ಆದರೆ ಇನ್ನೊಬ್ಬ ವಕೀಲರೊಂದಿಗೆ ಸಮಾಲೋಚಿಸಿ ಅವರು ಬರೆದುದನ್ನು ತಿದ್ದಿಕೊಡಬಹುದು. ಕಕ್ಷಿದಾರರಿಂದ ನೇರವಾಗಿ ಪ್ರಕರಣ ಪಡೆಯುವುದಕ್ಕೂ ನಿಷೇಧವಿದೆ. ವಕೀಲಿಕೆಯ ದೈನಂದಿನ ಆದಾಯದ ಮೂಲಗಳಲ್ಲಿ ಬಹುಪಾಲನ್ನು ಬಿಟ್ಟುಕೊಡುವ ಈ ಕರಾರಿಗೆ ಒಪ್ಪಿಗೆ ಬೇಕೇ ಬೇಕು ಎಂಬುದರಿಂದಲೇ ಅಧಿನಿಯಮವು ವಕೀಲರ ಸಮ್ಮತಿಯನ್ನು ಕಡ್ಡಾಯಗೊಳಿಸಿದೆ. ವಾದಿಸುವವರು ಕಕ್ಷಿದಾರನ ಹಣ, ಕಾಗದ, ಒತ್ತಡಗಳಿಂದ ಒಂದು ಹೆಜ್ಜೆ ದೂರ ನಿಂತರೆ ನ್ಯಾಯಾಲಯದ ಮುಂದೆ ಇನ್ನಷ್ಟು ನೇರವಾಗಿ ಮಾತನಾಡಬಲ್ಲರು ಎಂಬುದು ಈ ವ್ಯವಸ್ಥೆಯ ಹಿಂದಿರುವ ನಂಬಿಕೆ.

ಈ ನಂಬಿಕೆಯ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ ಫ್ರಾನ್ಸಿಸ್ ಬೇಕನ್ ಕಾಲದಿಂದ ಬಂದ ಕಿಂಗ್ಸ್ ಕೌನ್ಸೆಲ್ ಎಂಬ ಪದವಿ ಪಡೆದವರು ರೇಷ್ಮೆಯ ಗೌನು ತೊಡುವುದರಿಂದ, ಆ ಪದವಿ ಪಡೆಯುವುದನ್ನೇ ರೇಷ್ಮೆ ತೊಡುವುದು ಎನ್ನುತ್ತಾರೆ. ಅಮೆರಿಕದಲ್ಲಿ ಸರ್ಕಾರವಾಗಲಿ ನ್ಯಾಯಾಲಯವಾಗಲಿ ಇಂಥ ಪದವಿ ಕೊಡುವ ಪದ್ಧತಿ ಇಲ್ಲ. ಅದರ ಬದಲು ವಕೀಲರೇ ಕಟ್ಟಿಕೊಂಡ ಗೌರವ ಸಂಘಗಳಿವೆ. ವಿಚಾರಣಾ ನ್ಯಾಯಾಲಯದ ವಕೀಲರಿಗಾಗಿ 1950ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಟ್ರಯಲ್ ಲಾಯರ್ಸ್ ಹುಟ್ಟಿತು. ಮೇಲ್ಮನವಿಯಲ್ಲಿ ಹೆಸರು ಮಾಡಿದವರಿಗಾಗಿಯೇ 1990ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಅಪೆಲೇಟ್ ಲಾಯರ್ಸ್ ಸ್ಥಾಪನೆಯಾಯಿತು. ಅರ್ಜಿ ಹಾಕಿ ಸೇರುವ ಸಂಘ ಅದಲ್ಲ. ಕನಿಷ್ಠ 15 ವರ್ಷ ಮೇಲ್ಮನವಿಗಳನ್ನು ಮುಖ್ಯ ಕಸುಬಾಗಿ ಮಾಡಿಕೊಂಡವರನ್ನು ಸಮಾನರೇ ಹೆಸರಿಸಿ ಕರೆಯುತ್ತಾರೆ. ಅಮೆರಿಕದ ಈ ಸಂಘ ಕೊಡುವುದು ಗೌರವ ಮಾತ್ರ. ಸದಸ್ಯತ್ವ ಬಂದ ಮೇಲೂ ವಕೀಲರು ಮೊದಲಿನಂತೆಯೇ ಎಲ್ಲ ಕೆಲಸ ಮಾಡಿಕೊಂಡಿರಬಹುದು. ಭಾರತದಲ್ಲಿ ಮನ್ನಣೆ ಕೊಡುವವರು ನ್ಯಾಯಮೂರ್ತಿಗಳು, ಅದರ ಜೊತೆಗೆ ಕಟ್ಟುಪಾಡೂ ಬರುತ್ತದೆ.

ಬಾಗಿಲು ಕಾಯುವವರು ಯಾರು?

ಮನ್ನಣೆಯನ್ನು ಯಾವ ಅಳತೆಯಿಂದ ಕೊಡಬೇಕೆಂಬುದೇ ಕಳೆದ ಒಂದು ದಶಕದ ದೊಡ್ಡ ತಕರಾರು. ದೀರ್ಘಕಾಲ ಇದನ್ನು ‘ಪೂರ್ಣ ನ್ಯಾಯಾಲಯ’, ಎಂದರೆ ಹೈಕೋರ್ಟಿನ ಎಲ್ಲ ನ್ಯಾಯಮೂರ್ತಿಗಳು ಸೇರುವ ಸಭೆ, ಹಲವು ಕಡೆಗಳಲ್ಲಿ ರಹಸ್ಯ ಮತದಾನದ ಮೂಲಕ ನಿರ್ಧರಿಸುತ್ತಿತ್ತು. ಯಾರಿಗೆ ಏಕೆ ಸಿಕ್ಕಿತು, ಯಾರಿಗೆ ಏಕೆ ತಪ್ಪಿತು ಎಂಬುದಕ್ಕೆ ಕಾರಣಗಳು ಹೊರಗೆ ಬರುತ್ತಿರಲಿಲ್ಲ. 1986ರಲ್ಲಿ ಬಾಂಬೆ ಹೈಕೋರ್ಟಿನಿಂದ ಈ ಮನ್ನಣೆ ಪಡೆದ ಮೊದಲ ಮಹಿಳೆಯಾದ ಇಂದಿರಾ ಜೈಸಿಂಗ್ ಅವರೇ ಈ ಪದ್ಧತಿಯ ಅಪಾರದರ್ಶಕತೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದುಪಡಿಸಿರುವಾಗ ವಕೀಲರಲ್ಲಿ ಇಂಥ ಭೇದ ಸಲ್ಲದು ಎಂಬ ವಾದವೂ ಜೊತೆಗೆ ಬಂದಿತು. ಇದು ಬಿರುದಲ್ಲ, ಅರ್ಹತೆಯ ಗುರುತು ಎಂದು ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ನ್ಯಾಯಮೂರ್ತಿ ರಂಜನ್ ಗೊಗೊಯ್ ನೇತೃತ್ವದ ಪೀಠ 2017ರ ಅಕ್ಟೋಬರ್ 12ರಂದು ಕೊಟ್ಟ ತೀರ್ಪು ಮತಪೆಟ್ಟಿಗೆಯ ಜಾಗದಲ್ಲಿ ಅಂಕಪಟ್ಟಿಯನ್ನು ತಂದಿತು. ಮುಖ್ಯ ನ್ಯಾಯಮೂರ್ತಿ, ಇಬ್ಬರು ಹಿರಿಯ ನ್ಯಾಯಮೂರ್ತಿಗಳು, ಅಡ್ವೊಕೇಟ್ ಜನರಲ್ ಮತ್ತು ಈ ನಾಲ್ವರು ಆರಿಸುವ ವಕೀಲರೊಬ್ಬರು ಇರುವ ಶಾಶ್ವತ ಸಮಿತಿಯೊಂದು ಅರ್ಜಿಗಳನ್ನು ನೋಡಿ 100 ಅಂಕಗಳಿಗೆ ಮೌಲ್ಯಮಾಪನ ಮಾಡಬೇಕಾಯಿತು. ವೃತ್ತಿಯ ವರ್ಷಗಳಿಗೆ ಗರಿಷ್ಠ 20, ವಾದಿಸಿದ ಪ್ರಕರಣಗಳ ತೀರ್ಪುಗಳು, ಉಚಿತ ಸೇವೆ ಮತ್ತು ವಿಷಯ ಪರಿಣತಿಗೆ 40, ಪ್ರಕಟಿತ ಬರವಣಿಗೆಗೆ 15, ಸಂದರ್ಶನಕ್ಕೆ 25 ಅಂಕಗಳು ನಿಗದಿಯಾದವು. ಅಭ್ಯರ್ಥಿಗಳ ಹೆಸರು ಪ್ರಕಟಿಸಿ ಸಾರ್ವಜನಿಕರಿಂದ ಅಭಿಪ್ರಾಯ ಕೇಳುವ ವ್ಯವಸ್ಥೆಯೂ ಬಂದಿತು. ಕರ್ನಾಟಕ ಹೈಕೋರ್ಟು ಇದಕ್ಕನುಗುಣವಾಗಿ 2018ರಲ್ಲಿ ನಿಯಮಗಳನ್ನು ರೂಪಿಸಿತು. ಕೋರ್ಟಿನಲ್ಲಿ ದಿನವಿಡೀ ನಿಂತಿರುವವರು ಲೇಖನ ಬರೆಯಲು ಬಿಡುವೆಲ್ಲಿ ಎಂಬ ಟೀಕೆ ಬಂದ ಮೇಲೆ, 2023ರ ಮೇ 12ರಂದು ಮೂವರು ನ್ಯಾಯಮೂರ್ತಿಗಳ ಪೀಠ ಬರವಣಿಗೆಯ ಅಂಕವನ್ನು 5ಕ್ಕೆ ಇಳಿಸಿ ತೀರ್ಪುಗಳ ಪಾಲನ್ನು 50ಕ್ಕೆ ಏರಿಸಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅರವಿಂದ ಕುಮಾರ್ ಅವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು.

ಅಂಕಪಟ್ಟಿಯೂ ಬಹಳ ಕಾಲ ಬಾಳಲಿಲ್ಲ. ಕ್ರಿಮಿನಲ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಸತ್ಯ ಮುಚ್ಚಿಟ್ಟ ಅರ್ಜಿ ಸಲ್ಲಿಕೆಯಾಗಿ, ಅದರಲ್ಲಿ ಹಿರಿಯ ವಕೀಲರೊಬ್ಬರ ನಡವಳಿಕೆಯ ಪ್ರಶ್ನೆ ಎದ್ದಾಗ, ಅಂಕಗಳನ್ನು ಕೂಡಿಸಿದರೆ ಪ್ರಾಮಾಣಿಕತೆ ಸಿಗುತ್ತದೆಯೇ ಎಂಬ ಚರ್ಚೆ ಮತ್ತೆ ಮೊಳೆಯಿತು. 2025ರ ಮೇ 13ರಂದು, ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ನ್ಯಾಯಮೂರ್ತಿ ಅಭಯ್ ಎಸ್. ಓಕಾ ನೇತೃತ್ವದ ಪೀಠ ಅಂಕ ಪದ್ಧತಿಯನ್ನು ಕೈಬಿಟ್ಟು, ನಿರ್ಧಾರವನ್ನು ಪೂರ್ಣ ನ್ಯಾಯಾಲಯಕ್ಕೇ ಮರಳಿಸಿತು. ಕೆಲವು ನಿಮಿಷಗಳ ಸಂದರ್ಶನದಲ್ಲಿ ವ್ಯಕ್ತಿತ್ವವನ್ನು ಅಳೆಯಲಾಗದು, ಹತ್ತು ಇಪ್ಪತ್ತು ವರ್ಷ ವೃತ್ತಿಯಲ್ಲಿದ್ದ ಮಾತ್ರಕ್ಕೆ ಅಂಕ ಕೊಡುವುದು ಯಾಂತ್ರಿಕ ಎಂಬುದು ಅದರ ಕಾರಣಗಳಲ್ಲಿ ಕೆಲವು. ಕನಿಷ್ಠ 10 ವರ್ಷಗಳ ವೃತ್ತಿ ಎಂಬ ಅರ್ಹತೆ ಉಳಿಯಿತು, ವರ್ಷಕ್ಕೊಮ್ಮೆಯಾದರೂ ಆಯ್ಕೆ ನಡೆಯಬೇಕೆಂದಾಯಿತು, ಒಮ್ಮತಕ್ಕೆ ಯತ್ನಿಸಿ ಆಗದಿದ್ದರೆ ಮತದಾನ ಮಾಡಬಹುದೆಂದಾಯಿತು ಮತ್ತು ಹೈಕೋರ್ಟುಗಳು ನಾಲ್ಕು ತಿಂಗಳೊಳಗೆ ಹೊಸ ನಿಯಮ ಮಾಡಬೇಕಾಯಿತು. ಮತದಿಂದ ಅಂಕಕ್ಕೆ, ಅಂಕದಿಂದ ಮತ್ತೆ ವಿವೇಚನೆಗೆ ಸಾಗಿದ ಈ ಪಯಣ, ಕಡತದಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ವಿವೇಕಕ್ಕೆ ಅಂಕ ಕೊಡುವ ಪಟ್ಟಿ ಇನ್ನೂ ಹುಟ್ಟಿಲ್ಲ ಎಂಬುದನ್ನು ತೋರಿಸುತ್ತದೆ.

ಒಂದು ಕೂಡಿಸುವ ಲೆಕ್ಕ

ಕರ್ನಾಟಕದ ಹಿರಿಯ ವಕೀಲರ ಸಾಲಿನಲ್ಲಿ ರಾಷ್ಟ್ರದ ಗಮನ ಸೆಳೆದವರು ಹಲವರಿದ್ದಾರೆ. 1984ರಲ್ಲಿ ಈ ಮನ್ನಣೆ ಪಡೆದ ಎನ್. ಸಂತೋಷ್ ಹೆಗ್ಡೆ ಅವರು ರಾಜ್ಯದ ಅಡ್ವೊಕೇಟ್ ಜನರಲ್ ಆಗಿ, ಕೇಂದ್ರದ ಸಾಲಿಸಿಟರ್ ಜನರಲ್ ಆಗಿ, 1999ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯಾಗದೆಯೇ ವಕೀಲಿಕೆಯಿಂದ ನೇರವಾಗಿ ಸುಪ್ರೀಂ ಕೋರ್ಟಿನ ಪೀಠವೇರಿದರು. ಮೇಲ್ಮನವಿಯ ಕಸುಬಿನ ಸೂಕ್ಷ್ಮ ತಿಳಿಯಲು ಮಾತ್ರ, ಹಲವು ಬಾರಿ ಅಡ್ವೊಕೇಟ್ ಜನರಲ್ ಆಗಿದ್ದ ಬಿ.ವಿ. ಆಚಾರ್ಯ ಅವರು ಪ್ರಾಸಿಕ್ಯೂಷನ್ ಪರ ವಾದಿಸಿದ ಒಂದು ಪ್ರಕರಣ ಹೆಚ್ಚು ನೆರವಾಗುತ್ತದೆ. ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟು 2003ರಲ್ಲಿ ಬೆಂಗಳೂರಿಗೆ ವರ್ಗಾಯಿಸಿತ್ತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತು, 2015ರ ಮೇ 11ರಂದು ಕರ್ನಾಟಕ ಹೈಕೋರ್ಟು ಖುಲಾಸೆ ಮಾಡಿತು.

ಖುಲಾಸೆಯ ತೀರ್ಪು ನಿಂತದ್ದು ಒಂದು ಶೇಕಡಾವಾರಿನ ಮೇಲೆ: ಗೊತ್ತಿರುವ ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇ 8.12ರಷ್ಟು ಮಾತ್ರ, ಅದು ನ್ಯಾಯಾಲಯಗಳು ಸಹಿಸುತ್ತ ಬಂದಿದ್ದ ಶೇ 10ರ ಮಿತಿಯೊಳಗಿದೆ ಎಂದು. ಆ ಲೆಕ್ಕದಲ್ಲಿ ಆದಾಯವೆಂದು ಪರಿಗಣಿಸಿದ ಸಾಲಗಳ ಪಟ್ಟಿಯ ಮೊತ್ತವನ್ನು ತೀರ್ಪು ಸುಮಾರು 24.17 ಕೋಟಿ ರೂಪಾಯಿ ಎಂದು ನಮೂದಿಸಿತ್ತು. ಪಟ್ಟಿಯಲ್ಲಿದ್ದ ಅಂಕಿಗಳನ್ನೇ ಒಂದೊಂದಾಗಿ ಕೂಡಿಸಿದರೆ ಬರುತ್ತಿದ್ದುದು ಸುಮಾರು 10.67 ಕೋಟಿ. ಪ್ರಾಸಿಕ್ಯೂಷನ್ ಪರ ವಕೀಲರು ಎತ್ತಿ ತೋರಿಸಿದ ಈ ಹದಿಮೂರೂವರೆ ಕೋಟಿಯ ವ್ಯತ್ಯಾಸವನ್ನು ಸರಿಪಡಿಸಿದ ಕೂಡಲೇ ಶೇ 10ರ ಆಸರೆ ಕುಸಿಯುತ್ತಿತ್ತು. ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಮೇಲ್ಮನವಿಯಲ್ಲಿ ಇದೊಂದು ಮುಖ್ಯ ಆಧಾರವಾಯಿತು, 2017ರ ಫೆಬ್ರವರಿ 14ರಂದು ವಿಶೇಷ ನ್ಯಾಯಾಲಯದ ತೀರ್ಪು ಮರಳಿ ಸ್ಥಾಪನೆಯಾಯಿತು. ಒಂಬೈನೂರಕ್ಕೂ ಹೆಚ್ಚು ಪುಟಗಳ ತೀರ್ಪಿನಲ್ಲಿ ಒಂದು ಕೂಡಿಸುವ ಲೆಕ್ಕದ ಮೇಲೆ ಬೆರಳಿಡುವುದರಲ್ಲಿ ವಾಗ್ವೈಭವ ಏನೂ ಇಲ್ಲ. ಮೇಲ್ಮನವಿ ಗೆಲ್ಲುವುದು ಅನೇಕ ಸಲ ಇಂಥ ಓದಿನಿಂದಲೇ.

ಕಕ್ಷಿದಾರರು ತಿಳಿಯಬೇಕಾದದ್ದು

ಸಾಮಾನ್ಯ ಕಕ್ಷಿದಾರರಿಗೆ ಈ ವ್ಯವಸ್ಥೆಯ ಅರ್ಥ ಮೊದಲು ಖರ್ಚಿನ ಮೂಲಕ ತಟ್ಟುತ್ತದೆ. ಹಿರಿಯ ವಕೀಲರನ್ನು ನೇಮಿಸುವುದೆಂದರೆ ಇಬ್ಬರ ಶುಲ್ಕ. ವಕಾಲತ್ತು ಹಾಕಿದ ವಕೀಲರು ಇದ್ದೇ ಇರಬೇಕು, ಹಿರಿಯರನ್ನು ಗೊತ್ತುಮಾಡುವವರೂ ಅವರೇ. ಮೇಲ್ಮನವಿ ಸಲ್ಲಿಸಲು ಹಿರಿಯ ವಕೀಲರು ಬೇಕೇ ಬೇಕೆಂಬ ನಿಯಮ ಯಾವ ನ್ಯಾಯಾಲಯದಲ್ಲಿಯೂ ಇಲ್ಲ. ಸಾಧಾರಣ ಸ್ವರೂಪದ ಮೇಲ್ಮನವಿಗಳನ್ನು ಇತರ ವಕೀಲರೇ ಸಮರ್ಥವಾಗಿ ನಡೆಸುತ್ತಾರೆ. ಕಾನೂನಿನ ಹೊಸ ಪ್ರಶ್ನೆ ಎದುರಾದಾಗ ಅಥವಾ ಎರಡು ತೀರ್ಪುಗಳು ಪರಸ್ಪರ ವಿರೋಧವಾಗಿ ನಿಂತಾಗ ಹಿರಿಯರ ವಾದದಿಂದ ಪ್ರಯೋಜನ ಹೆಚ್ಚು. ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಅಡಿಯಲ್ಲಿ ಹೈಕೋರ್ಟಿನಲ್ಲಿಯೇ ಕಾನೂನು ಸೇವೆಗಳ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಅದರಿಂದ ವಕೀಲರ ನೆರವು ದೊರೆಯುತ್ತದೆ.

ಇನ್ನೊಂದು ಸಂಗತಿ ಹಣಕ್ಕಿಂತ ಮುಖ್ಯವಾದುದು. ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯಕ್ಕೆ ಅವಕಾಶ ಬಹಳ ಕಡಿಮೆ ಇರುವುದರಿಂದ, ವಿಚಾರಣಾ ನ್ಯಾಯಾಲಯದಲ್ಲಿ ಕೇಳದೆ ಉಳಿದ ಪ್ರಶ್ನೆಯನ್ನು, ಗುರುತು ಹಾಕಿಸದೆ ಉಳಿದ ಪಹಣಿಯನ್ನು ಎಷ್ಟೇ ದೊಡ್ಡ ಹಿರಿಯ ವಕೀಲರೂ ಆಮೇಲೆ ಹುಟ್ಟಿಸಲಾರರು. 2025ರ ತೀರ್ಪು ವಿಚಾರಣಾ ನ್ಯಾಯಾಲಯಗಳಲ್ಲಿ ದುಡಿಯುವ ವಕೀಲರನ್ನೂ ಈ ಮನ್ನಣೆಗೆ ಪರಿಗಣಿಸಬೇಕು, ಅದಕ್ಕಾಗಿ ಪ್ರಧಾನ ಜಿಲ್ಲಾ ನ್ಯಾಯಾಧೀಶರ ಅಭಿಪ್ರಾಯ ಕೇಳಬಹುದು ಎಂದು ಹೇಳಿದ್ದರ ಮಹತ್ವ ಇರುವುದು ಇಲ್ಲಿ. ಇದುವರೆಗೆ ಈ ಗೌರವ ಬಹುಪಾಲು ಮೇಲಿನ ನ್ಯಾಯಾಲಯಗಳ ಅಂಗಳದಲ್ಲಿಯೇ ಸುತ್ತುತ್ತಿತ್ತು. ಮೇಲೆ ನಿಂತು ವಾದಿಸುವವರು ಬಳಸುವ ಒಂದೊಂದು ಸಾಲನ್ನೂ ದುಡಿದು ಇಟ್ಟವರು ಕೆಳಗಿನವರು. ಕೆಂಪೇಗೌಡ ರಸ್ತೆಯ ಸಿವಿಲ್ ಕೋರ್ಟಿನ ಕಿಕ್ಕಿರಿದ ಹಾಲ್‌ನಲ್ಲಿ, ಹೆಸರಿನ ಮುಂದೆ ಯಾವ ಪದವೂ ಇಲ್ಲದ ವಕೀಲರೊಬ್ಬರು ಪಾಟೀ ಸವಾಲಿನಲ್ಲಿ ಕೇಳಿದ ಸರಿಯಾದ ಒಂದು ಪ್ರಶ್ನೆ, ಹತ್ತು ವರ್ಷಗಳ ಬಳಿಕ ಅಠಾರಾ ಕಚೇರಿಯಲ್ಲಿ ಹಿರಿಯ ವಕೀಲರ ಬೆರಳು ತೋರುವ ಸಾಲಾಗಿ ತೆರೆದುಕೊಳ್ಳುತ್ತದೆ.